ಹುಡುಗರನ್ನು ಹೊರಗೆ ಕಳಿಸಿ ಹೇಳಿದ ಪಾಠ

(ಗಂಗಾವತಿಯಲ್ಲಿ ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಮುಂದೆ, ಮಕ್ಕಳಾಗುವುದು ಹೇಗೆ ಎಂಬ ಪಾಠವನ್ನು ಹುಡುಗ ಹುಡುಗಿಯರಿಬ್ಬರಿಗೂ ಹೇಳುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತನಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ತಿದ್ದಿದ್ದೇನೆ, ಪೂರ್ತಿ ತಿದ್ದಿಲ್ಲ.)

ನನ್ನನ್ನು ಪರಿಚಯಿಸಿದವರು ‘ಡಾಕ್ಟರಮ್ಮ’ ಎಂದುಬಿಟ್ಟರು. ನಾನು ಡಾಕ್ಟರಲ್ಲ. ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿ, ಅದೇ ಇಲಾಖೆಯಲ್ಲಿ ನಿವೃತ್ತಳಾದವಳು. ಹಳ್ಳಿಗಳಲ್ಲಿ ‘ನರ್ಸಮ್ಮ’ ಎನ್ನುತ್ತಿದ್ದರು, ಅದೇ ಸರಿ. ನಾನು ಸೇರಿದಾಗ ಕೊಪ್ಪಳ ಜಿಲ್ಲೆಯೇ ಇರಲಿಲ್ಲ. 1997ರವರೆಗೆ ನಾವೆಲ್ಲ ರಾಯಚೂರು ಜಿಲ್ಲೆಯವರು. ಜಿಲ್ಲಾ ಸಭೆ ಎಂದರೆ ಕೋಳಿ ಕೂಗುವ ಮೊದಲೇ ಎದ್ದು, ಬುತ್ತಿ ಕಟ್ಟಿಕೊಂಡು ಬಸ್ಸು ಹಿಡಿಯಬೇಕು. ಅಷ್ಟು ದೂರ ಹೋದ ಮೇಲೆ ಸಭೆಯಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಎಷ್ಟು ಕೇಸು ಆಯಿತು?’

ಕೇಸು ಎಂದರೆ ಸಂತಾನಹರಣ ಆಪರೇಷನ್. ವರ್ಷಕ್ಕೆ ಇಷ್ಟು ಎಂದು ಪ್ರತಿಯೊಬ್ಬಳಿಗೂ ಗುರಿ. 1996ರಲ್ಲಿ ಸರಕಾರ ಆ ಗುರಿ ಪದ್ಧತಿಯನ್ನು ಕೈಬಿಟ್ಟಿತು. ಕಾಗದದಿಂದ ಹೋದದ್ದು ತಲೆಯಿಂದ ಹೋಗಲು ಮತ್ತೂ ಎಷ್ಟೋ ವರ್ಷ ಬೇಕಾದವು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕೆಳಗೆ ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂದು ಬರೆದ ಗೋಡೆಗಳನ್ನು ನಿಮ್ಮಲ್ಲಿ ಯಾರೂ ನೋಡಿರಲಾರಿರಿ. ನಾನು ಬಣ್ಣದ ಡಬ್ಬಿ ಹಿಡಿದು ಬರೆಸಿದ್ದೇನೆ. ಆ ಪಾಠ ಊರಿಗೆ ಹಿಡಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು.

ಮಕ್ಕಳಾಗುವುದನ್ನು ನಿಲ್ಲಿಸುವುದು ಹೇಗೆ ಎಂದು ಮನೆಮನೆಗೆ ಹೋಗಿ ಹೇಳಿದೆ. ಮಕ್ಕಳು ಆಗುವುದು ಹೇಗೆ ಎಂದು ಒಂದು ಮನೆಯಲ್ಲೂ ಹೇಳಲಿಲ್ಲ. ಹೇಳು ಎಂದು ಯಾರೂ ನನಗೆ ಹೇಳಲಿಲ್ಲ, ಹೇಳಬೇಕು ಎಂದು ನನಗೂ ಅನ್ನಿಸಲಿಲ್ಲ. ಅದನ್ನೇನು ಕಲಿಸುವುದು, ಮದುವೆಯಾದರೆ ತಾನೇ ಗೊತ್ತಾಗುತ್ತದೆ ಎಂಬುದು ಎಲ್ಲರ ಲೆಕ್ಕ. ಗೊತ್ತಾಗುವುದಿಲ್ಲ. ನಾಲ್ಕು ಮಕ್ಕಳ ತಾಯಿಗೂ ಗೊತ್ತಿರುವುದಿಲ್ಲ, ಆಗಿವೆ ಅಷ್ಟೇ.

ಒಂದು ಪ್ರೌಢಶಾಲೆಗೆ ಹದಿಹರೆಯದ ಆರೋಗ್ಯದ ಬಗ್ಗೆ ಮಾತನಾಡಲು ಕರೆದಿದ್ದರು. ಯಾವ ಊರೆಂಬುದು ಬೇಡ. ನಾನು ಕೋಣೆಗೆ ಕಾಲಿಡುತ್ತಿದ್ದಂತೆ ಮೇಷ್ಟರು ಹುಡುಗರಿಗೆ ಚೆಂಡು ಕೊಟ್ಟು ಮೈದಾನಕ್ಕೆ ಅಟ್ಟಿದರು. ಹುಡುಗಿಯರನ್ನು ಮುಂದಕ್ಕೆ ಕೂರಿಸಿ ಕಿಟಕಿ ಮುಚ್ಚಿದರು. ಏಪ್ರಿಲ್ ತಿಂಗಳಿರಬೇಕು, ಒಳಗೆ ಹಬೆ. ನಾನು ಮುಟ್ಟು, ಬಟ್ಟೆ, ಕಬ್ಬಿಣಾಂಶದ ಮಾತ್ರೆ ಎಂದೆಲ್ಲ ಹೇಳಿ ಹೊರಬಂದೆ. ಬಸ್ ನಿಲ್ದಾಣದ ಬೇವಿನ ಗಿಡದ ಕೆಳಗೆ ನಿಂತಿದ್ದಾಗ ಒಬ್ಬ ಹುಡುಗ ಸೈಕಲ್ ತಳ್ಳಿಕೊಂಡು ಬಂದ. ಒಂದು ಸುತ್ತು ಹೋದ, ಮತ್ತೆ ಬಂದ. ಆಮೇಲೆ ಸೈಕಲ್ಲಿನ ಗಂಟೆಯನ್ನೇ ನೋಡುತ್ತ ಕೇಳಿದ: “ನರ್ಸಮ್ಮ, ನಮಗೆ ಹೇಳುವುದು ಏನೂ ಇಲ್ಲವೇ?”

ನನ್ನ ಬಳಿ ಉತ್ತರ ಇರಲಿಲ್ಲ. ‘ಚೆನ್ನಾಗಿ ಓದಪ್ಪ’ ಎಂದೆ. ಇಷ್ಟು ವರ್ಷಗಳ ಮೇಲೂ ಆ ಉತ್ತರ ನೆನಪಾದರೆ ನಾಚಿಕೆಯಾಗುತ್ತದೆ.

ಗಂಡಸರು ಈ ಕೋಣೆಯಿಂದ ಹೊರಗೆ ಹೋದದ್ದು ಯಾವಾಗ ಎಂದು ಆಮೇಲೆ ಯೋಚಿಸಿದೆ. ಮೈಸೂರು ಸಂಸ್ಥಾನ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಒಪ್ಪಿತ್ತು. ನಾವು ಆಗ ಮೈಸೂರಿನವರಲ್ಲ ಬಿಡಿ, ಕೊಪ್ಪಳ ರಾಯಚೂರು ನಿಜಾಮರ ಕಡೆ, ಬಳ್ಳಾರಿ ಮದರಾಸಿನ ಕಡೆ. 1952ರಲ್ಲಿ ಭಾರತ ಸರಕಾರ ಕುಟುಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಮುಂದಿನ ದಶಕಗಳಲ್ಲಿ ಗಂಡಸರ ಆಪರೇಷನ್ನೇ ಮುಂದಿತ್ತು. ತುರ್ತು ಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್, ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಗಂಡಸರವು, ಬಲವಂತದವು ಎಷ್ಟೋ. ಆ ಭಯಕ್ಕೆ ಸರಕಾರವೇ ಬಿತ್ತು. ಇಲಾಖೆ ‘ಕುಟುಂಬ ಕಲ್ಯಾಣ’ ಎಂದು ಹೆಸರು ಬದಲಿಸಿಕೊಂಡು ಹೆಂಗಸರ ಕಡೆ ತಿರುಗಿತು. ಗಂಡಸರ ಸುದ್ದಿಗೆ ಮತ್ತೆ ಯಾರೂ ಹೋಗಲಿಲ್ಲ. ನಾನು ಮೊದಲು ಹೇಳಿದ ಸಮೀಕ್ಷೆಯಲ್ಲೇ ನೋಡಿ: ದೇಶದ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆದವರು ಶೇ. 37.9, ಗಂಡನಿಗೆ ಆದವರು ಶೇ. 0.3. ಮಕ್ಕಳು ಬೇಡ ಎಂಬುದು ಹೆಂಗಸಿನ ಕೆಲಸವಾದ ಮೇಲೆ, ಮಕ್ಕಳಾಗಲಿಲ್ಲ ಎಂಬುದೂ ಅವಳ ತಪ್ಪೇ ಆಯಿತು.

ಈಗ ಎಮ್ಮೆ ಹಸುವಿನ ಮಾತಿಗೆ ಬರುತ್ತೇನೆ. ನಗಬೇಡಿ. ನಿಮ್ಮಲ್ಲಿ ಮುಕ್ಕಾಲು ಪಾಲು ರೈತರ ಮಕ್ಕಳು.

ಹಸು ಬೆದೆಗೆ ಬಂದದ್ದು ನಮ್ಮ ರೈತನಿಗೆ ಹೇಗೆ ಗೊತ್ತಾಗುತ್ತದೆ? ಕೂಗುತ್ತದೆ, ಮೇವು ಬಿಡುತ್ತದೆ, ಲೋಳೆ ಸುರಿಸುತ್ತದೆ. 21 ದಿನಕ್ಕೊಮ್ಮೆ ಬರುತ್ತದೆ, ಅರ್ಧ ದಿನದಿಂದ ಮುಕ್ಕಾಲು ದಿನ ಇರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಕೊಡಿಸಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಎಮ್ಮೆಗೆ ಬೇಸಿಗೆಯಲ್ಲಿ ಮೂಕ ಬೆದೆ, ಕೂಗುವುದೇ ಇಲ್ಲ, ಆದರೂ ಮನೆಯ ಯಜಮಾನ ಬಾಲ ನೋಡಿ ಹೇಳುತ್ತಾನೆ. ಪಶು ಆಸ್ಪತ್ರೆಯವರು ಡಬ್ಬಿಯಿಂದ ತೆಗೆಯುವ ಕಡ್ಡಿಯೊಳಗಿನ ಹೋರಿಯ ವೀರ್ಯ, ಸೂಕ್ಷ್ಮದರ್ಶಕದ ಕೆಳಗೆ ಪಾಸಾದ ಮೇಲೆಯೇ ಮೈನಸ್ 196 ಡಿಗ್ರಿಯಲ್ಲಿ ಕೂತು ಊರಿಗೆ ಬಂದಿರುತ್ತದೆ. ಹೋರಿಯನ್ನು ಪರೀಕ್ಷಿಸದೆ ಹಸುವನ್ನು ಗೊಡ್ಡು ಎಂದರೆ ಆ ರೈತ ಪಶುವೈದ್ಯರ ಜೊತೆ ಜಗಳಕ್ಕೇ ನಿಲ್ಲುತ್ತಾನೆ. ಅದೇ ಮನುಷ್ಯ ಮನೆಗೆ ಬಂದು ಹೆಂಡತಿಯನ್ನು ಏನೆನ್ನುತ್ತಾನೆ ಎಂಬುದು ನಿಮಗೆ ಗೊತ್ತು.

ಹೆಂಗಸಿಗೆ ಬೆದೆ ಇಲ್ಲ. ಅಂಡಾಣು ಬಿಡುಗಡೆಯಾದದ್ದು ಸಾಮಾನ್ಯವಾಗಿ ಅವಳಿಗೇ ತಿಳಿಯುವುದಿಲ್ಲ, ಹಾಗಾಗಿ ಲೆಕ್ಕ ಬೇಕು. ಆ ಲೆಕ್ಕ ಕಷ್ಟದ್ದೇನಲ್ಲ. ಅಂಡಾಣು ಹೊರಬಂದ ಮೇಲೆ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಬಹುದು. ಎರಡನ್ನೂ ಸೇರಿಸಿದರೆ ತಿಂಗಳಿಗೆ ಸುಮಾರು 6 ದಿನ, ಅಂಡಾಣು ಬರುವ ದಿನ ಮತ್ತು ಅದರ ಹಿಂದಿನ ಐದು. ಉಳಿದ ದಿನಗಳಲ್ಲಿ ಬಸಿರಾಗುವ ಸಂಭವ ತೀರ ಕಡಿಮೆ.

ಆ ಆರು ದಿನ ಯಾವಾಗ? ಇಲ್ಲೇ ಎಲ್ಲರೂ ಎಡವುತ್ತಾರೆ. ನಮ್ಮ ಕಡೆ ಮುಟ್ಟು ಮುಗಿದು ತಲೆಗೆ ನೀರು ಹಾಕಿಕೊಂಡ ಮರುದಿನವೇ ಒಳ್ಳೆಯ ದಿನ ಎಂಬ ನಂಬಿಕೆ. ಓದಿದವರು ‘ಹದಿನಾಲ್ಕನೆಯ ದಿನ’ ಎನ್ನುತ್ತಾರೆ. ಅದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವಳಿಗೆ ಮಾತ್ರ. ಎಣಿಸಬೇಕಾದದ್ದು ಹಿಂದಿನಿಂದ: ಮುಂದಿನ ಮುಟ್ಟು ಬರುವುದಕ್ಕೆ ಸುಮಾರು 14 ದಿನ ಮೊದಲು ಅಂಡಾಣು ಬರುತ್ತದೆ. 35 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅದು 21ನೆಯ ದಿನ. ಮುಟ್ಟು ಹಿಂದೆಮುಂದೆ ಆಗುವವಳಿಗೆ ಈ ಲೆಕ್ಕ ಕೈಕೊಡುತ್ತದೆ, ಬಸಿರು ಬೇಡ ಎನ್ನುವವರು ಇದನ್ನು ನಂಬಿ ಕೂರಬಾರದು. ಒಟ್ಟಿಗೆ ಇರುವ ಗಂಡ ಹೆಂಡತಿಗೆ ಲೆಕ್ಕದ ಅಗತ್ಯವೂ ಇಲ್ಲ, ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ಲೆಕ್ಕ ಬೇಕಾದದ್ದು ನಮ್ಮಂಥ ಗುಳೆಯ ಊರುಗಳಿಗೆ.

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಅತ್ತೆಯೊಬ್ಬರು ಸೊಸೆಯನ್ನು ಉಪಕೇಂದ್ರಕ್ಕೆ ಕರೆತಂದರು. ಮದುವೆಯಾಗಿ ಮೂರು ವರ್ಷ, ಹೊಟ್ಟೆ ಬಂದಿಲ್ಲ. ಸೊಸೆಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮೂರು ಊರಿನ ಆಸ್ಪತ್ರೆಗಳ ಚೀಟಿ, ಸ್ಕ್ಯಾನಿಂಗ್ ಹಾಳೆ, ಖಾಲಿಯಾದ ಮಾತ್ರೆ ಪಟ್ಟಿ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ. ಇವಳು ಅತ್ತೆಗೆ ಮೈ ಸರಿಯಿಲ್ಲವೆಂದು ಊರಲ್ಲೇ ಉಳಿದಿದ್ದಳು. ಮರುದಿನ ನಾನೇ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್ ಇತ್ತು. ಅದನ್ನೇ ಕೆಳಗಿಳಿಸಿ ನೆಲದ ಮೇಲೆ ಹರಡಿದೆವು. “ನಿಮ್ಮ ಮಗ ಯಾವಾಗ ಯಾವಾಗ ಬಂದಿದ್ದ, ಹೇಳಿ ಯವ್ವಾ” ಎಂದೆ.

ಆಕೆ ಹಬ್ಬ ಹಿಡಿದು ಹೇಳುತ್ತ ಹೋದರು. ಗವಿಮಠದ ಜಾತ್ರೆಗೆ ನಾಲ್ಕು ದಿನ. ಉಗಾದಿಗೆ ಒಂದು ವಾರ. ಹುಲಿಗೆಮ್ಮನ ಜಾತ್ರೆಗೆ ಬಂದವನು ಮಾರನೆಯ ದಿನವೇ ಹೊರಟ, ಮೇಸ್ತ್ರಿ ರಜೆ ಕೊಟ್ಟಿರಲಿಲ್ಲ. ಪಂಚಮಿಗೂ ಬಂದಿದ್ದ. “ಆದರೆ ಪಂಚಮಿಗೆ ಇವಳು ತವರಿಗೆ ಹೋಗಿದ್ದಳಲ್ಲ” ಎಂದು ಅವರೇ ನಿಲ್ಲಿಸಿದರು. ದೀಪಾವಳಿಗೆ ಐದು ದಿನ. ಸೊಸೆಯನ್ನು ಮುಟ್ಟಿನ ದಿನ ಕೇಳಿದೆ. 34, 35 ದಿನಕ್ಕೊಮ್ಮೆ. ಹಾಲಿನ ಗೀಟುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಅವಳ ಆರಾರು ದಿನ ಗುರುತು ಹಾಕಿದೆ, ಅವನ ರಜೆಯನ್ನು ಸುತ್ತು ಹಾಕಿದೆ. ವರ್ಷವಿಡೀ ನೋಡಿದರೆ ಸುತ್ತೂ ಗುರುತೂ ಕೂಡಿದ್ದು ಒಂದೇ ಕಡೆ, ಗವಿಮಠದ ಜಾತ್ರೆಯ ಎರಡು ದಿನ. ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ ಮೆಲ್ಲಗೆ ಅಂದಳು: “ಆವತ್ತು ಮನೆಯಲ್ಲಿ ಹನ್ನೊಂದು ಜನ ನೆಂಟರಿದ್ದರು.”

ಮನೆಗೆ ಇದ್ದದ್ದು ಎರಡೇ ಕೋಣೆ. ಅತ್ತೆ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೂರು ವರ್ಷದ ಸಂಸಾರವನ್ನು ಕೂಡಿಸಿದರೆ ಎರಡು ತಿಂಗಳೂ ಆಗಿರಲಿಲ್ಲ. ವೈದ್ಯರು ಬಂಜೆತನ ಎಂದು ಕರೆಯುವುದು, ಗರ್ಭನಿರೋಧಕ ಬಳಸದೆ ಹನ್ನೆರಡು ತಿಂಗಳು ಒಟ್ಟಿಗೆ ಸಂಸಾರ ಮಾಡಿಯೂ ಆಗದಿದ್ದರೆ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ತೋರಿಸಬೇಕು. ಮದುವೆಯ ಕಾರ್ಡಿನ ತಾರೀಖಿನಿಂದ ಎಣಿಸುವುದಲ್ಲ. ಆಮೇಲೆ ಏನಾಯಿತು ಎಂದರೆ, ಅವಳೂ ಬೆಂಗಳೂರಿಗೆ ಹೋದಳು ಎಂದು ಕೇಳಿದೆ. ಅಷ್ಟರಲ್ಲಿ ನನಗೆ ವರ್ಗವಾಯಿತು.

ಇದನ್ನು ನನ್ನ ಜಾಣತನ ಎಂದು ಹೇಳುತ್ತಿಲ್ಲ. ಸೇರಿದ ಹೊಸದರಲ್ಲಿ ನನ್ನ ವ್ಯಾಪ್ತಿಯ ಇನ್ನೊಬ್ಬಳನ್ನು ಎರಡು ಸಲ ‘ಚೀಲ ತೊಳೆಸಲು’, ಅಂದರೆ ಗರ್ಭಕೋಶದ ಒಳಪದರ ಕೆರೆಸಲು, ಕರೆದುಕೊಂಡು ಹೋದವಳೂ ನಾನೇ. ಆಗ ಅದೇ ರೂಢಿ. ಗಂಡನನ್ನು ಒಂದು ಮಾತು ಕೇಳಲಿಲ್ಲ, ಅವನು ಹೊರಗೆ ಬೀಡಿ ಸೇದುತ್ತ ನಿಂತಿದ್ದ. ಆಮೇಲೆ ಅವನು ಇನ್ನೊಂದು ಮದುವೆಯಾದ. ಎರಡನೆಯವಳಿಗೂ ಆಗಲಿಲ್ಲ. ಊರು ಎರಡನೆಯವಳನ್ನೂ ಬಂಜೆ ಎಂದಿತು! ಇಬ್ಬರನ್ನೂ ಕುಬಸ, ತೊಟ್ಟಿಲು ಕಾರ್ಯಗಳಿಗೆ ಕರೆಯುವುದು ನಿಂತಿತು. ಬೀಡಿ ಸೇದುವವನು ಎಲ್ಲ ಕಡೆ ಪಂಕ್ತಿಯಲ್ಲಿ ಮೊದಲು ಕೂರುತ್ತಿದ್ದ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣ ಇರುತ್ತದೆ, ಒಂಟಿಯಾಗಿಯೋ ಹೆಣ್ಣಿನ ಕಾರಣದ ಜೊತೆಗೋ. ಹಾಗಾಗಿ ಮೊದಲು ಮಾಡಬೇಕಾದದ್ದು ವೀರ್ಯ ಪರೀಕ್ಷೆ. ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಹೆಂಗಸಿನ ಗರ್ಭನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುವ ನೋವಿನ ಮುಂದೆ ಇದು ಏನೂ ಅಲ್ಲ. ಆದರೂ ಗಂಡಸು ಒಪ್ಪುವುದಿಲ್ಲ. ‘ನನಗೇನಾಗಿದೆ, ಗಟ್ಟಿಯಾಗಿದ್ದೇನೆ’ ಎನ್ನುತ್ತಾನೆ. ಗಟ್ಟಿತನಕ್ಕೂ ವೀರ್ಯಾಣುಗಳ ಎಣಿಕೆಗೂ ಸಂಬಂಧವಿಲ್ಲ. ಮೂಟೆ ಹೊರುವವನಿಗೂ ವೀರ್ಯಾಣು ಶೂನ್ಯ ಇರಬಹುದು.

ಗಂಡುಮಕ್ಕಳು ಬರೆದುಕೊಳ್ಳಿ, ಇದು ಆ ಸೈಕಲ್ ಹುಡುಗನಿಗೆ ನಾನು ಹೇಳದೆ ಉಳಿಸಿಕೊಂಡ ಸಾಲ. ವೃಷಣಗಳು ದೇಹದ ಹೊರಗೆ ಇರುವುದು ತಂಪಿಗಾಗಿ. ಒಳಗಿನ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಇದ್ದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಜೋರು ಜ್ವರ, ದಿನವಿಡೀ ಕುಲುಮೆ ಅಥವಾ ಬಾಯ್ಲರ್ ಮುಂದಿನ ಕೆಲಸ ಇವೆಲ್ಲ ಎಣಿಕೆಯನ್ನು ತಗ್ಗಿಸಬಹುದು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳನ್ನು ಬೆರಳು ಮಾಡಿ ತೋರಿಸಬೇಕಾಗಿಲ್ಲ. ತಂಬಾಕು, ಗುಟ್ಕಾ ಕೂಡ. ಪ್ರಾಯದಲ್ಲಿ ಮಂಗನಬಾವು ವೃಷಣಕ್ಕೆ ಇಳಿದರೆ ಹಾನಿಯಾಗಬಹುದು. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಮೇಲೆ ಬೇಕು, ಅಂದರೆ ಇಂದು ಗುಟ್ಕಾ ಬಿಟ್ಟರೆ ಫಲ ಕಾಣುವುದು ಮೂರನೆಯ ತಿಂಗಳಿಗೆ. ಇನ್ನೊಂದು ಹೊಸ ಪಿಡುಗು: ಜಿಮ್ಮಿನಲ್ಲಿ ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಗಂಡು ಹಾರ್ಮೋನ್. ಹೊರಗಿನಿಂದ ಬಂತೆಂದು ಮೆದುಳು ಒಳಗಿನ ಕಾರ್ಖಾನೆಗೆ ಬೀಗ ಹಾಕುತ್ತದೆ. ತೋಳು ದಪ್ಪ, ಎಣಿಕೆ ಸೊನ್ನೆ. ಗಂಡಸುತನಕ್ಕೆಂದು ತೆಗೆದುಕೊಂಡದ್ದು ತಂದೆತನವನ್ನೇ ತಿನ್ನುತ್ತದೆ.

ಹೆಣ್ಣುಮಕ್ಕಳಿಗೂ ಎರಡು ಮಾತು. ಬಿಳಿ ಹೋಗುತ್ತದೆ ಎಂದು ಹೆದರಿ ಬಂದವರಿಗೆ ಲೆಕ್ಕವಿಲ್ಲ. ಮೂಳೆ ಕರಗಿ ಹೋಗುತ್ತಿದೆ ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ವಾಸನೆ, ತುರಿಕೆ, ಹಳದಿ ಹಸಿರು ಬಣ್ಣ ಇದ್ದರೆ ಸೋಂಕು, ಆಸ್ಪತ್ರೆಗೆ ಬರಬೇಕು. ಸೋಂಕನ್ನು ಬಿಟ್ಟುಕೊಂಡರೆ ಗರ್ಭನಾಳ ಮುಚ್ಚಿಹೋಗಬಹುದು, ಕ್ಷಯವೂ ಅಲ್ಲಿ ಸದ್ದಿಲ್ಲದೆ ಕೂರುತ್ತದೆ. ಆದರೆ ತಿಂಗಳ ನಡುವೆ ನಾಲ್ಕಾರು ದಿನ, ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳಿನಲ್ಲಿ ಎಳೆದರೆ ನೂಲಿನಂತೆ ಬರುವುದು ರೋಗವಲ್ಲ. ಅಂಡಾಣು ಬರುತ್ತಿದೆ ಎಂದು ದೇಹ ಕೊಡುವ ಒಂದೇ ಒಂದು ಬಾಹ್ಯ ಸೂಚನೆ ಬಹುಮಂದಿಗೆ ಅದೇ. ಮಕ್ಕಳಿಲ್ಲ ಎಂದು ಹರಕೆ ಹೊತ್ತವಳು ಆ ಸೂಚನೆಗೇ ಮದ್ದು ಕುಡಿಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಫೋಲಿಕ್ ಆಮ್ಲದ ಮಾತ್ರೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಗುವಿನ ಬೆನ್ನುಹುರಿಯ ನಾಳ ಸರಿಯಾಗಿ ಮುಚ್ಚಿಕೊಳ್ಳಲು ಅದು ಬೇಕು, ಆ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಅಷ್ಟರಲ್ಲಿ ಮುಟ್ಟು ತಪ್ಪಿದ್ದೂ ಎಷ್ಟೋ ಜನಕ್ಕೆ ಖಚಿತವಾಗಿರುವುದಿಲ್ಲ. ಮಾತ್ರೆ ಶುರುವಾಗಬೇಕಾದದ್ದು ಬಸಿರಿಗೆ ಮೊದಲು. ನಮ್ಮ ತಾಯಿ ಕಾರ್ಡು ಶುರುವಾಗುವುದು ಬಸಿರಾದ ಮೇಲೆ.

ನಿಮ್ಮ ಪಾಠದ ವಿಷಯಕ್ಕೆ ಬರೋಣ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಇದೆ. ಅದನ್ನು ಹೇಗೆ ದಾಟಿಸುತ್ತಾರೆ ಎಂಬುದೂ ನನಗೆ ಗೊತ್ತು. ಹೂವಿನ ನೀಳಛೇದ ಚಿತ್ರವನ್ನು ಮೂರು ಪೀರಿಯಡ್ ಬಿಡಿಸಿ, ಮನುಷ್ಯರ ಪುಟ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’. ದಾಸವಾಳದ ಶಲಾಕಾಗ್ರ ಎಲ್ಲಿದೆ ಎಂದು ಕಣ್ಣು ಮುಚ್ಚಿ ತೋರಿಸುವ ಮಕ್ಕಳು ತಮ್ಮ ಮೈಯ ಬಗ್ಗೆ ಮೊಬೈಲಿನಲ್ಲಿ ಕಲಿಯುತ್ತಾರೆ. ಮೊಬೈಲ್ ಏನು ಕಲಿಸುತ್ತದೆ ಎಂದು ನಾನು ಈ ವೇದಿಕೆಯಲ್ಲಿ ಹೇಳುವ ಹಾಗಿಲ್ಲ.

ಊರವರು ಗಲಾಟೆ ಮಾಡುತ್ತಾರೆ ಎಂಬ ಭಯ ನಿಜವಾದದ್ದೇ. ಅದಕ್ಕೆ ಪಾಠಕ್ಕಿಂತ ಮೊದಲು ಪಾಲಕರ ಸಭೆ ಕರೆಯಿರಿ, ಹಸುವಿನ ಬೆದೆಯಿಂದ ಶುರು ಮಾಡಿ, ಹಿರಿಯರೇ ಮುಂದಿನದನ್ನು ಹೇಳುತ್ತಾರೆ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ ಎಂಬುದನ್ನು ಮಕ್ಕಳಿಗೆ ಹೇಳಿ. ಮೊದಲ ದಿನ ಹುಡುಗ ಹುಡುಗಿಯರನ್ನು ಬೇರೆ ಕೂರಿಸಬೇಕೆನ್ನಿಸಿದರೆ ಕೂರಿಸಿ, ತಪ್ಪಿಲ್ಲ. ಆದರೆ ಇಬ್ಬರಿಗೂ ಅದೇ ಪಾಠ, ಅದೇ ಹಲಗೆ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿಸಿ. ಒಮ್ಮೆ ನನ್ನ ಡಬ್ಬಿಯಲ್ಲಿ ಬಂದ ಚೀಟಿ: ‘ಗಂಡು ಹುಟ್ಟುವುದು ಹೆಣ್ಣು ಹುಟ್ಟುವುದು ಯಾರ ಕೈಯಲ್ಲಿದೆ?’ ತಂದೆಯ ವೀರ್ಯಾಣುವಿನ ಎಕ್ಸ್ ಅಥವಾ ವೈ ವರ್ಣತಂತು ಅದನ್ನು ತೀರ್ಮಾನಿಸುತ್ತದೆ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬಳು ತಡೆಯಲಾರದೆ ಎದ್ದು ನಿಂತು, “ಹಾಗಾದರೆ ನಮ್ಮ ಅವ್ವನದು ತಪ್ಪಿಲ್ಲ” ಎಂದಳು. ಅವರು ಐದು ಜನ ಅಕ್ಕತಂಗಿಯರು.

(ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯವಿತ್ತು. ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಚಹಾ ಕುಡಿಯುವಾಗ ಒಬ್ಬ ಪ್ರಶಿಕ್ಷಣಾರ್ಥಿ ಹತ್ತಿರ ಬಂದು, “ಮೇಡಂ, ನನ್ನ ಗೆಳೆಯನೊಬ್ಬನಿಗೆ ಕೇಳಬೇಕಿತ್ತು. ಆ ಪರೀಕ್ಷೆಗೆ ಹೇಗೆ ಹೋಗಬೇಕು?” ಎಂದರು. ಗೆಳೆಯನಿಗೆ ಹೀಗೆ ಹೇಳಿ ಎಂದೆ: ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಹೋಗಬೇಕು. ಮಾದರಿಯನ್ನು ಪ್ರಯೋಗಾಲಯದಲ್ಲೇ ಕೊಟ್ಟರೆ ಒಳ್ಳೆಯದು. ಮನೆಯಿಂದ ಒಯ್ದರೆ ಅವರು ಕೊಟ್ಟ ಡಬ್ಬಿಯಲ್ಲಿ, ಮೈಗೆ ಒತ್ತಿಕೊಂಡು, ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಕಾಂಡೋಮಿನಲ್ಲಿ ಹಿಡಿಯಬಾರದು, ಅದರ ಲೇಪ ವೀರ್ಯಾಣುವನ್ನು ಕೊಲ್ಲಬಹುದು. ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷಕ್ಕಿಂತ ಕಡಿಮೆ ಬಂದರೆ ಗಾಬರಿಯಾಗದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು, ಒಂದೇ ವರದಿಯ ಮೇಲೆ ಏನೂ ತೀರ್ಮಾನಿಸಬಾರದು. ಅವರು ಅಂಗೈ ಮೇಲೆ ಬರೆದುಕೊಂಡರು. ತಿರುಗಿ ನೋಡಿದರೆ ಅವರ ಹಿಂದೆ ಇನ್ನೂ ಐದಾರು ಜನ ಚಹಾದ ಲೋಟ ಹಿಡಿದು ನಿಂತು ಬರೆದುಕೊಳ್ಳುತ್ತಿದ್ದರು. ಅಷ್ಟೂ ಜನಕ್ಕೆ ಒಬ್ಬನೇ ಗೆಳೆಯನಂತೆ.)